ಹೊತ್ತಷ್ಟನ್ನೂ ಕಾಯಬೇಕು



ಈ ದತ್ತಿ ಉಪನ್ಯಾಸ ಒಬ್ಬ ಜೀವಶಾಸ್ತ್ರದ ಮೇಷ್ಟ್ರ ನೆನಪಿನದು. ಕಂಡ ಪ್ರತಿ ಹಕ್ಕಿಯ ಹೆಸರು, ಕಂಡ ದಿನ, ಕಂಡ ಜಾಗ ಮೂರನ್ನೂ ಅವರು ಹಾಜರಿ ಪುಸ್ತಕದಂಥ ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರೆಂದು ಅವರ ಮಗಳು ಈಗಷ್ಟೇ ಹೇಳಿದರು. ಸಂಘಟಕರು ನನಗೆ ಕೊಟ್ಟಿದ್ದ ವಿಷಯ ‘ನಿಸರ್ಗ ಛಾಯಾಗ್ರಹಣದ ಸೌಂದರ್ಯ’. ಅವರನ್ನು ಕೇಳಿಕೊಂಡು ನಾನು ಅದನ್ನು ಬದಲಾಯಿಸಿದೆ. ಸೌಂದರ್ಯದ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಕಾಡಿನಿಂದ ಕಾಡಿಗೆ ತಿರುಗುವ ಛಾಯಾಗ್ರಾಹಕ ತನ್ನ ಸಲಕರಣೆಗಳನ್ನು ಹೇಗೆ ನಿಭಾಯಿಸಬೇಕು ಎನ್ನುವುದನ್ನು ಮಾತ್ರ ವೇದಿಕೆಯ ಮೇಲೆ ಯಾರೂ ಹೇಳುವುದಿಲ್ಲ. ನನ್ನ ಮೂವತ್ತು ವರ್ಷದ ತಿರುಗಾಟದಲ್ಲಿ ಹಕ್ಕಿ ಹಾರಿಹೋದದ್ದರಿಂದ ತಪ್ಪಿದ ಚಿತ್ರಗಳಿಗಿಂತ ಚೀಲ ಸರಿಯಿಲ್ಲದೆ ತಪ್ಪಿದವೇ ಹೆಚ್ಚು.

ಮೊದಲ ಪಾಠ ಸಿಕ್ಕಿದ್ದು ಆಗುಂಬೆಯ ಹತ್ತಿರದ ಒಂದು ಅಡಿಕೆ ತೋಟದ ಮನೆಯಲ್ಲಿ. ಆಗಸ್ಟ್ ತಿಂಗಳು. ಬೇರೆ ಬೇರೆ ಮಾದರಿಯ ಎರಡು ಕ್ಯಾಮೆರಾ, ಐದು ಲೆನ್ಸು, ಟ್ರೈಪಾಡು, ಎರಡು ಫ್ಲಾಶು, ಅವುಗಳ ವೈರು, ಚಾರ್ಜರು ಎಲ್ಲವನ್ನೂ ಹೊತ್ತು ಹೋಗಿದ್ದೆ. ನಾಲ್ಕು ದಿನ ಬಿಡದ ಮಳೆ. ಐದನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಮೋಡ ಒಡೆದು ಬಿಸಿಲು ಬಂತು. ನಾನು ಚಾವಡಿಯಲ್ಲಿ ಸಾಮಾನೆಲ್ಲ ಹರಡಿಕೊಂಡು ಒಂದೊಂದೇ ಲೆನ್ಸನ್ನು ಒರೆಸುತ್ತಿದ್ದೆ. ಮನೆಯ ಮಕ್ಕಳು ತೋಟದಿಂದ ಓಡಿಬಂದು, ಹಾರುವ ಓತಿ ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ತೇಲಿ ಹೋದದ್ದನ್ನು ಕೈಚಾಚಿ ತೋರಿಸಿ ಹೇಳಿದರು. ಮನೆಯ ಯಜಮಾನರು ನನ್ನ ಪಕ್ಕದಲ್ಲಿದ್ದ ರಾಶಿಯನ್ನೊಮ್ಮೆ ನೋಡಿ, “ಇಷ್ಟೆಲ್ಲ ಹೊತ್ಗಂಡು ಬಂದೀರಲ್ಲ ಮಾರಾಯ್ರೆ, ಇದನ್ನ ಕಾಯ್ತೀರೋ, ಕಾಡು ನೋಡ್ತೀರೋ?” ಎಂದರು. ಅವರು ಕೊಂಕಿನಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ಹೊತ್ತ ಪ್ರತಿಯೊಂದು ಸಾಮಾನೂ ನಮ್ಮ ಗಮನದ ಒಂದು ಪಾಲನ್ನು ಕೇಳುತ್ತದೆ. ಆ ಪಾಲು ಕಾಡಿಗೆ ಸಲ್ಲಬೇಕಾದ ಗಮನದಿಂದಲೇ ಹೋಗಬೇಕು. ಇವತ್ತು ನಾನು ಹೇಳಲಿರುವುದೆಲ್ಲ ಇದರ ವಿವರಣೆ.

ಭಾರದಿಂದ ಶುರುಮಾಡೋಣ. 600 ಮಿಲಿಮೀಟರಿನ ಎಫ್/4 ಲೆನ್ಸು ಒಂದೇ ಸುಮಾರು 3 ಕಿಲೋ ತೂಗುತ್ತದೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ಟಿಕೆಟ್ಟಿಗೆ ಕೈಚೀಲದ ಮಿತಿ 7 ಕಿಲೋ. ಒಳ್ಳೆಯ ಮೆತ್ತೆಯಿರುವ ಕ್ಯಾಮೆರಾ ಚೀಲವೇ ಎರಡು ಕಿಲೋ ಮೀರುತ್ತದೆ. ಉಳಿದ ಲೆಕ್ಕವನ್ನು ನೀವೇ ಮಾಡಬಹುದು. ನಾನೀಗ ಎರಡು ಕ್ಯಾಮೆರಾ, ಮೂರು ಲೆನ್ಸು ಒಯ್ಯುತ್ತೇನೆ: ಒಂದೂವರೆ ಕಿಲೋದ ಹಗುರ 500, ಒಂದು 100–400, ಕಪ್ಪೆ ಕೀಟಗಳಿಗೆ ಒಂದು ಮ್ಯಾಕ್ರೊ. ಎರಡೂ ಕ್ಯಾಮೆರಾ ಒಂದೇ ಮಾದರಿಯವು. ಕಿರಿಯರು ದಯವಿಟ್ಟು ಇದನ್ನು ಗಮನಿಸಿ. ಹೊಸ ಮಾದರಿ ಬಂತೆಂದು ಒಂದನ್ನು ಮಾತ್ರ ಬದಲಾಯಿಸಿದರೆ ಬ್ಯಾಟರಿ ಬೇರೆ, ಚಾರ್ಜರ್ ಬೇರೆ, ಕಾರ್ಡ್ ಬೇರೆ ಆಗಬಹುದು. ಎಲ್ಲಕ್ಕಿಂತ ಹೆಚ್ಚಾಗಿ ಗುಂಡಿಗಳ ಜಾಗ ಬೇರೆಯಾಗುತ್ತದೆ. ಮಬ್ಬುಗತ್ತಲಲ್ಲಿ ಸೀಳುನಾಯಿಗಳು ದಾರಿ ದಾಟುವಾಗ ಬೆರಳು ಗುಂಡಿಯನ್ನು ಹುಡುಕಬಾರದು.

ಎಂ. ಕೃಷ್ಣನ್ ಅವರ ಹೆಸರನ್ನು ಇಲ್ಲಿ ನೆನೆಯಲೇಬೇಕು. 1912ರಲ್ಲಿ ಹುಟ್ಟಿ 1996ರಲ್ಲಿ ತೀರಿಕೊಂಡ ಈ ತಮಿಳು ನಿಸರ್ಗ ಲೇಖಕರು ಕಪ್ಪು ಬಿಳುಪಿನಲ್ಲೇ ಚಿತ್ರ ತೆಗೆದರು. ಬೇರೆ ಬೇರೆ ಕ್ಯಾಮೆರಾಗಳ ಭಾಗಗಳನ್ನು ಜೋಡಿಸಿ ತಮ್ಮ ಕೈಯಾರೆ ಕಟ್ಟಿಕೊಂಡಿದ್ದ ಯಂತ್ರಕ್ಕೆ ಅವರಿಟ್ಟ ಹೆಸರು ‘ಸೂಪರ್ ಪಾಂಡೆರೋಸ’. ಅದು ಹಗುರವಾದದ್ದೇನಲ್ಲ. ಆದರೆ ಅದರ ಒಂದೊಂದು ತಿರುಪೂ ಅವರಿಗೆ ಗೊತ್ತಿತ್ತು. ಕಾಡಿನಲ್ಲಿ ಕೈಕೊಟ್ಟರೆ ಯಾರ ಹಂಗಿಲ್ಲದೆ ಕೂತು ಸರಿಮಾಡಿಕೊಳ್ಳಬಲ್ಲವರಾಗಿದ್ದರು. ನಮ್ಮ ಇಂದಿನ ಕ್ಯಾಮೆರಾಗಳನ್ನು ಬಿಚ್ಚಿ ಜೋಡಿಸಲು ನಮಗೆ ಬರುವುದಿಲ್ಲ. ಹಾಗಾಗಿಯೇ ಅವು ಕೆಡದಂತೆ ನೋಡಿಕೊಳ್ಳುವ ಹೊಣೆ ಕೃಷ್ಣನ್ ಅವರಿಗಿಂತ ನಮಗೆ ಹೆಚ್ಚು.

ಚೀಲ ಕಟ್ಟುವ ಕ್ರಮವನ್ನು ನಾನು ಕಲಿತದ್ದು ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲಿ. ತಿರುಗಾಟದ ಮೇಳ ದೀಪಾವಳಿಯ ಆಸುಪಾಸಿನಲ್ಲಿ ಹೊರಟರೆ ಮಳೆಗಾಲದ ತನಕ ದಿನಕ್ಕೊಂದು ಊರು. ಬೆಳಗಿನ ಜಾವ ಆಟ ಮುಗಿಯುತ್ತಲೇ ಕಿರೀಟ, ಭುಜಕೀರ್ತಿ, ಎದೆಪದಕ, ಗೆಜ್ಜೆ ಎಲ್ಲವೂ ಪೆಟ್ಟಿಗೆ ಸೇರಬೇಕು. ಸಂಜೆ ಇನ್ನೊಂದು ಊರಿನ ಚೌಕಿಯಲ್ಲಿ ಅದೇ ಪೆಟ್ಟಿಗೆ ತೆರೆದರೆ ಕೈಯಿಟ್ಟಲ್ಲಿ ಸಿಗಬೇಕು. ಎಲ್ಲರೂ ನಿದ್ದೆಗಣ್ಣಿನಲ್ಲಿರುವ ಹೊತ್ತಿಗೆ ಇದು ತಪ್ಪಿಲ್ಲದೆ ನಡೆಯುವುದು ಪ್ರತಿ ವಸ್ತುವಿಗೂ ಒಂದೇ ಜಾಗ ಎಂಬ ಕಟ್ಟುಪಾಡಿನಿಂದ. ನನ್ನ ಚೀಲದಲ್ಲೂ ಹಾಗೆಯೇ. ಒಟ್ಟು ಹತ್ತೊಂಬತ್ತು ವಸ್ತುಗಳು. ಜೀಪು ಇಳಿಯುವ ಮುಂಚೆ, ಕೋಣೆ ಬಿಡುವ ಮುಂಚೆ, ದೋಣಿ ಹತ್ತುವ ಮುಂಚೆ ಎಣಿಸುತ್ತೇನೆ. ಎಣಿಸಲು ಒಂದು ನಿಮಿಷ ಸಾಕು.

ಇನ್ನು ತೇವ. ನಮ್ಮ ನಾಡಿನ ಛಾಯಾಗ್ರಾಹಕನ ದೊಡ್ಡ ಶತ್ರು ಇದೇ ಆದ್ದರಿಂದ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ. ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಕಪ್ಪೆಗಳು ಕೂಗುವುದು, ಅಣಬೆಗಳು ಏಳುವುದು ಆಗಲೇ. ಹಾಗಾಗಿ ಮಳೆಗಾಲ ಬಿಟ್ಟು ಹೋಗುತ್ತೇನೆ ಎನ್ನುವಂತಿಲ್ಲ. ಮೇಲಿನಿಂದ ಬೀಳುವ ನೀರಿಗೆ ಉಪಾಯ ಸುಲಭ. ಮಲೆನಾಡಿನ ಹೆಂಗಸರು ನೆಟ್ಟಿ ಮಾಡುವಾಗ ಗೊರಬು ಹಾಕಿಕೊಳ್ಳುವುದನ್ನು ನೀವು ನೋಡಿರಬೇಕು. ತಲೆಯಿಂದ ಬೆನ್ನಿನ ತನಕ ಮುಚ್ಚುತ್ತದೆ, ಎರಡೂ ಕೈ ಕೆಲಸಕ್ಕೆ ಬಿಡುವಾಗಿರುತ್ತವೆ, ಬಗ್ಗಿದರೆ ನೀರು ಹಿಂದಕ್ಕೆ ಹರಿದು ಹೋಗುತ್ತದೆ. ಕ್ಯಾಮೆರಾದ ಹೊದಿಕೆ ಕೂಡ ಹೀಗೆಯೇ ಇರಬೇಕು: ಮೇಲೆ ಇಳಿಜಾರು, ಕೆಳಗೆ ತೆರಪು. ಎಲ್ಲ ಕಡೆಯಿಂದ ಬಿಗಿದು ಕಟ್ಟುವ ಪ್ಲಾಸ್ಟಿಕ್ ಹೊದಿಕೆಯೊಳಗೆ ಉಸಿರಿನ, ಕೈಯ ಬೆವರಿನ ಆವಿ ಸಿಕ್ಕಿಕೊಂಡು ಹೊರಗಿನ ಮಳೆಗಿಂತ ಒಳಗಿನ ಪಸೆಯೇ ಹೆಚ್ಚಾಗುತ್ತದೆ. ನನ್ನದನ್ನು ನೀರು ನಿಲ್ಲದ ಕೊಡೆಬಟ್ಟೆಯಲ್ಲಿ ಕೊಪ್ಪದ ಒಬ್ಬ ದರ್ಜಿ ಹೊಲಿದುಕೊಟ್ಟರು. ಹದಿನೈದು ಮಳೆಗಾಲ ಕಂಡಿದೆ.

ಕಣ್ಣಿಗೆ ಕಾಣದ ನೀರು ಇದಕ್ಕಿಂತ ಕೆಟ್ಟದ್ದು. ಕಾರವಾರದಲ್ಲೋ ಮಂಗಳೂರಿನಲ್ಲೋ ಎ.ಸಿ. ಕೋಣೆಯಿಂದ ಮುಂಜಾನೆ ಹೊರಗೆ ಬಂದು ಚೀಲ ತೆರೆದರೆ ಲೆನ್ಸಿನ ಗಾಜಿಗೆ ಮಂಜು ಕಟ್ಟುತ್ತದೆ. ತಣ್ಣನೆಯ ಗಾಜನ್ನು ಮುಟ್ಟಿದ ಬೆಚ್ಚನೆಯ ಹಸಿಗಾಳಿ ತನ್ನೊಳಗಿನ ನೀರನ್ನು ಅಲ್ಲೇ ಬಿಡುತ್ತದೆ. ಮುಂದಿನ ಗಾಜನ್ನು ಒರೆಸಬಹುದು. ಒಳಗಿನ ಗಾಜುಗಳ ಮೇಲೆ ಕೂತದ್ದನ್ನು ಒರೆಸಲು ಯಾರಿಂದಲೂ ಆಗದು. ಚೀಲವನ್ನು ಮುಚ್ಚಿದಂತೆಯೇ ಹೊರಗಿಟ್ಟು ಅರ್ಧ ಗಂಟೆ, ಮುಕ್ಕಾಲು ಗಂಟೆ ಕಾಯಬೇಕು. ಇಲ್ಲವೇ ರಾತ್ರಿಯೇ ಎ.ಸಿ. ಆರಿಸಿ ಮಲಗಬೇಕು. ನಾನು ಆರಿಸಿಯೇ ಮಲಗುತ್ತೇನೆ. ಲಡಾಖಿನ ಚಳಿಗಾಲದಲ್ಲಿ ಇದೇ ಮಾತು ತಿರುಗುಮುರುಗಾಗುತ್ತದೆ. ಹಿಮಚಿರತೆಗಾಗಿ ಇಡೀ ದಿನ ಬೆಟ್ಟದಲ್ಲಿದ್ದು ಸಂಜೆ ಬುಖಾರಿ ಒಲೆ ಉರಿಯುವ ಕೋಣೆಗೆ ಕ್ಯಾಮೆರಾವನ್ನು ಹಾಗೆಯೇ ಒಯ್ದರೆ ಅದು ನೀರಲ್ಲಿ ನೆನೆದಂತಾಗುತ್ತದೆ. ಹೊರಗಿರುವಾಗಲೇ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಮುಚ್ಚಿ ಒಳಗೆ ತನ್ನಿ. ಮಂಜು ಚೀಲದ ಮೇಲೆ ಕೂರುತ್ತದೆ, ಕ್ಯಾಮೆರಾದ ಮೇಲಲ್ಲ. ಅಲ್ಲಿ ಬ್ಯಾಟರಿಗಳಿರಬೇಕಾದದ್ದು ಅಂಗಿಯ ಒಳಜೇಬಿನಲ್ಲಿ. ಚಳಿಯಲ್ಲಿ ಸತ್ತಂತೆ ಕಂಡ ಬ್ಯಾಟರಿ ಮೈಬಿಸಿಗೆ ಒಂದಿಷ್ಟು ಜೀವ ತಾಳುತ್ತದೆ.

ತೇವದ ಕೊನೆಯ ಕೆಲಸ ಬೂಷ್ಟು. ಅಪರೂಪಕ್ಕೆ ಕೊಂಡಿದ್ದ ಒಂದು ಲೆನ್ಸನ್ನು ಅದರ ಜೊತೆಗೆ ಬಂದಿದ್ದ ಚಂದದ ತೊಗಲಿನ ಚೀಲದಲ್ಲೇ ಇಟ್ಟು ಒಂದು ಮಳೆಗಾಲ ಬೀರುವಿನಲ್ಲಿ ಬಿಟ್ಟಿದ್ದೆ. ತೊಗಲು ಪಸೆಯನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ ಎಂದು ಆಗ ನನಗೆ ತಿಳಿದಿರಲಿಲ್ಲ. ದೀಪಾವಳಿಗೆ ತೆಗೆದು ನೋಡಿದರೆ ಗಾಜಿನೊಳಗೆ ಜೇಡರ ಬಲೆಯಂಥ ಎಳೆಗಳು. ರಿಪೇರಿಯವರು ಬಿಚ್ಚಿ ಶುಚಿಮಾಡಿದರು. ಆದರೆ ಬೂಷ್ಟು ಬಿಡುವ ಆಮ್ಲ ಗಾಜಿನ ಮೇಲಿನ ಲೇಪವನ್ನು ಕೊರೆದಾಗಿತ್ತು. ಆ ಗೆರೆಗಳು ಇವತ್ತಿಗೂ ಇವೆ. ಎದುರು ಬೆಳಕಿನಲ್ಲಿ ತೆಗೆದ ಪ್ರತಿ ಚಿತ್ರವೂ ಮಂಕು.

ಗಾಳಿಯ ತೇವಾಂಶ ನೂರಕ್ಕೆ 60 ಮೀರಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಹಬ್ಬ. 40ರಿಂದ 50ರ ನಡುವೆ ಇಟ್ಟರೆ ಲೆನ್ಸು ಕ್ಷೇಮ. ತೀರ ಒಣಗಿಸಿದರೆ ಒಳಗಿನ ಎಣ್ಣೆ, ರಬ್ಬರುಗಳಿಗೆ ಒಳ್ಳೆಯದಲ್ಲ. ಇದಕ್ಕೆ ದುಬಾರಿಯ ವಿದ್ಯುತ್ ಕಪಾಟೇ ಬೇಕೆಂದಿಲ್ಲ. ಮುಚ್ಚಳಕ್ಕೆ ರಬ್ಬರ್ ಪಟ್ಟಿಯಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಕಾಲು ಕಿಲೋ ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಪುಟ್ಟ ಮಾಪಕ ಇಷ್ಟು ಸಾಕು. ನೀಲಿ ಹರಳು ಗುಲಾಬಿಯಾದರೆ, ಕಿತ್ತಳೆ ಹರಳು ಹಸಿರಾದರೆ ಅದು ನೀರು ಕುಡಿದಿದೆ ಎಂದರ್ಥ. ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮೊದಲಿನ ಬಣ್ಣಕ್ಕೆ ಮರಳುತ್ತದೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಪಾತ್ರೆಯಲ್ಲಿ ಹುರಿಯಬೇಡಿ. ಹಿಂದಿನ ತಲೆಮಾರಿನವರು ಮರದ ಪೆಟ್ಟಿಗೆಯಲ್ಲಿ ಸಣ್ಣ ಬಲ್ಬೊಂದನ್ನು ಹಗಲಿರುಳು ಉರಿಸಿ ಲೆನ್ಸು ಕಾಪಾಡಿಕೊಂಡರು. ಒಲೆಯ ಮೇಲಿನ ಅಟ್ಟದಲ್ಲಿ ಹಪ್ಪಳವನ್ನೂ ಬಿತ್ತನೆಯ ಬೀಜವನ್ನೂ ಬೆಚ್ಚಗಿಟ್ಟು ಮಳೆಗಾಲ ದಾಟಿಸುತ್ತಿದ್ದ ನಮ್ಮ ಅಜ್ಜಿಯಂದಿರ ತಿಳಿವಳಿಕೆಯೇ ಆ ಪೆಟ್ಟಿಗೆಯಲ್ಲೂ ಇತ್ತು. ಕ್ಯಾಮೆರಾವನ್ನು ಮಾತ್ರ ಅಟ್ಟಕ್ಕೆ ಹಾಕಬೇಡಿ, ಹೊಗೆಯ ಜಿಡ್ಡು ಗಾಜಿಗೆ ಅಂಟುತ್ತದೆ.

ದೂಳಿನ ಕತೆ ಚಿಕ್ಕದು. ಬೇಸಿಗೆಯಲ್ಲಿ ಬಂಡೀಪುರದ ಜೀಪುದಾರಿಯ ಕೆಂಪು ದೂಳು ಹಿಟ್ಟಿನಷ್ಟು ನಯ. ಜೂಮ್ ಲೆನ್ಸು ಉದ್ದವಾದಾಗಲೆಲ್ಲ ಗಾಳಿಯ ಜೊತೆಗೆ ಅದನ್ನೂ ಒಳಗೆಳೆದುಕೊಳ್ಳುತ್ತದೆ. ಜೀಪಿನಲ್ಲಿ ಲೆನ್ಸು ಬದಲಿಸಲೇಬೇಡಿ, ಎರಡು ಕ್ಯಾಮೆರಾ ಇರುವುದೇ ಅದಕ್ಕೆ. ಹೊದಿಸಲು ಹಳೆಯ ಹತ್ತಿ ಪಂಚೆಯಷ್ಟು ಒಳ್ಳೆಯ ಬಟ್ಟೆಯನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ. ನೂರು ಸಲ ಒಗೆದು ಮೆತ್ತಗಾದದ್ದಿರಬೇಕು. ಗಾಜಿನ ಮೇಲೆ ದೂಳು ಕೂತರೆ ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಿ, ಆಮೇಲೆ ಮೆತ್ತನೆಯ ಬ್ರಷ್ಷು, ಕೊನೆಗೆ ಬಟ್ಟೆ. ಮೊದಲೇ ಬಟ್ಟೆಯಿಂದ ಉಜ್ಜಿದರೆ ಮರಳಿನ ಕಣವೇ ಗಾಜನ್ನು ಗೀರುತ್ತದೆ. ಬಾಯಿಂದ ಊದಿದರೆ ಉಗುಳಿನ ಹನಿ ಬೀಳುತ್ತದೆ. ಕಡಲತೀರದಿಂದ ಬಂದ ದಿನ ಎಲ್ಲವನ್ನೂ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಮಲಗಿ. ಟ್ರೈಪಾಡಿನ ಕಾಲುಗಳನ್ನು ಮರೆಯಬೇಡಿ.

ದರೋಜಿ ನನಗೆ ಇನ್ನೊಂದನ್ನು ಕಲಿಸಿತು. ಬಳ್ಳಾರಿ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಬಂಡೆಗಳಿಂದ ಏಳುವ ಕಾವು ಗಾಳಿಯನ್ನೇ ಕದಡುತ್ತದೆ. ದೂರದ ಬಂಡೆಯ ಮೇಲೆ ಕರಡಿ ಕೂತಿದೆ, ಕೈಯಲ್ಲಿ ಲಕ್ಷಗಟ್ಟಲೆ ಬೆಲೆಯ ಲೆನ್ಸಿದೆ, ಚಿತ್ರ ಮಾತ್ರ ನೀರೊಳಗಿನಿಂದ ನೋಡಿದಂತೆ ಬರುತ್ತದೆ. ಲೆನ್ಸು ಕೆಟ್ಟಿದೆಯೆಂದು ಅದನ್ನು ರಿಪೇರಿಗೆ ಒಯ್ದವರನ್ನು ನಾನು ಬಲ್ಲೆ. ನಡುವಿನ ಗಾಳಿಯನ್ನು ಸರಿಪಡಿಸುವ ಲೆನ್ಸು ಇನ್ನೂ ಹುಟ್ಟಿಲ್ಲ. ಅಂಥ ಹೊತ್ತಿನಲ್ಲಿ ಕ್ಯಾಮೆರಾ ಕೆಳಗಿಟ್ಟು ದುರ್ಬೀನಿನಿಂದ ಕರಡಿಯನ್ನು ನೋಡಿ. ಬಿಸಿಲು ಇಳಿದ ಮೇಲೆ ಚಿತ್ರ ತೆಗೆಯಬಹುದು.

ಇನ್ನು ಕ್ಯಾಮೆರಾದ ಆಧಾರದ ಮಾತು. ಕಬಿನಿಯ ಜೀಪಿನಲ್ಲಿ ಟ್ರೈಪಾಡ್ ಹೂಡಲು ಜಾಗವಿಲ್ಲ. ರಂಗನತಿಟ್ಟಿನ ದೋಣಿಯಲ್ಲಿ ಹೂಡಿದರೂ ಹುಟ್ಟಿನ ಒಂದೊಂದು ಏಟಿಗೂ ಅದು ಅಲುಗುತ್ತದೆ. ದೋಣಿಯಲ್ಲಿ ಕೈಯೇ ಆಧಾರ. ಜೀಪಿಗೆ ಬೀನ್‌ಬ್ಯಾಗ್. ಅದನ್ನು ತುಂಬಿಕೊಂಡು ಪ್ರಯಾಣ ಮಾಡಬೇಡಿ. ಜಿಪ್ಪಿರುವ ಖಾಲಿ ಚೀಲವನ್ನು ಮಡಚಿ ಒಯ್ಯಿರಿ. ಇಳಿದ ಊರಿನ ಅಂಗಡಿಯಲ್ಲಿ ಮೂರು ಕಿಲೋ ರಾಗಿಯನ್ನೋ ಹೆಸರುಕಾಳನ್ನೋ ಕೊಂಡು, ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗೆ ತುಂಬಿ. ಹೊರಡುವ ದಿನ ಕಾಳನ್ನು ಅಡುಗೆಯವರಿಗೆ ಕೊಟ್ಟು ಬನ್ನಿ. ರಾಜಸ್ಥಾನಕ್ಕೆ ಹೋದಾಗ ಸಜ್ಜೆ ತುಂಬಿಸಿದ್ದೆ, ಅದೂ ಚೆನ್ನಾಗಿಯೇ ಕೂರುತ್ತದೆ.

ಉದ್ದ ಲೆನ್ಸಿನ ಬಗ್ಗೆ ಇನ್ನೊಂದು ಮಾತು. ಅದರ ನಿಜವಾದ ಉಪಯೋಗ ದೂರದಲ್ಲಿ ನಿಲ್ಲುವುದು. ದಾಂಡೇಲಿಯಲ್ಲಿ ಮಂಗಟ್ಟೆ ಹಕ್ಕಿಯ ಹೆಣ್ಣು ಪೊಟರೆಯೊಳಗೆ ಕೂತು ಬಾಗಿಲನ್ನು ಮೆತ್ತಿಕೊಂಡು ವಾರಗಟ್ಟಲೆ ಗಂಡು ತರುವ ಹಣ್ಣನ್ನೇ ನಂಬಿರುತ್ತದೆ. ಮರದ ಕೆಳಗೆ ನಾವು ಟ್ರೈಪಾಡು ಹೂಡಿ ಕೂತರೆ ಗಂಡು ಹತ್ತಿರ ಬರಲು ಹಿಂಜರಿಯುತ್ತದೆ. ತಪ್ಪಿದ ಒಂದೊಂದು ಸರದಿಯೂ ಒಳಗಿನ ಮರಿಯ ಹೊಟ್ಟೆಯಿಂದಲೇ ಕಳೆಯುತ್ತದೆ. ನಿಮ್ಮ ಲೆನ್ಸು ಚಿಕ್ಕದಾಗಿದ್ದರೆ ಹಕ್ಕಿ ಚಿತ್ರದಲ್ಲಿ ಚಿಕ್ಕದಾಗಿಯೇ ಇರಲಿ. ಸುತ್ತಲಿನ ಕಾಡೂ ಚಿತ್ರದಲ್ಲಿ ಬರುತ್ತದೆ.

ವಿಮಾನದ ವಿಚಾರ ಬೇಗ ಮುಗಿಸುತ್ತೇನೆ. ಬಿಡಿ ಲಿಥಿಯಂ ಬ್ಯಾಟರಿಗಳು ಕೆಳಗೆ ಹೋಗುವ ಸಾಮಾನಿನಲ್ಲಿ ಇರಕೂಡದು, ಕೈಚೀಲದಲ್ಲೇ ಇರಬೇಕು, ತುದಿಗಳಿಗೆ ಟೇಪು ಅಂಟಿಸಿರಬೇಕು. ಮಿತಿ ಒಂದೊಂದಕ್ಕೆ 100 ವಾಟ್-ಅವರ್. ಅದಕ್ಕಿಂತ ದೊಡ್ಡದಕ್ಕೆ, 160ರ ತನಕ, ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಲೆಕ್ಕ ಸುಲಭ. 7.2 ವೋಲ್ಟಿನ, 2,000 ಮಿಲಿಆಂಪ್-ಅವರ್ ಬ್ಯಾಟರಿಯೆಂದರೆ 14.4 ವಾಟ್-ಅವರ್. ಕ್ಯಾಮೆರಾ ಬ್ಯಾಟರಿಗೆ ತೊಂದರೆಯಿಲ್ಲ, ದೊಡ್ಡ ಪವರ್ ಬ್ಯಾಂಕ್ ಒಯ್ಯುವವರು ನೋಡಿಕೊಳ್ಳಿ. ವಿದೇಶಕ್ಕೆ ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ಸಲಕರಣೆಗಳನ್ನು ತೋರಿಸಿ, ಸೀರಿಯಲ್ ನಂಬರುಗಳೊಂದಿಗೆ ರಫ್ತು ಪ್ರಮಾಣಪತ್ರ ಪಡೆದುಕೊಳ್ಳಿ. ವಾಪಸು ಬರುವಾಗ ಅದು ಅಲ್ಲಿ ಕೊಂಡದ್ದಲ್ಲ, ಇಲ್ಲಿಂದ ಒಯ್ದದ್ದೇ ಎನ್ನಲು ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಅದೇ ನಂಬರುಗಳ ಪಟ್ಟಿ ಮನೆಯಲ್ಲೂ ಇರಲಿ. ಕಳುವಾದರೆ ಪೊಲೀಸರೂ ವಿಮೆಯವರೂ ಮೊದಲು ಕೇಳುವುದು ಅದನ್ನೇ.

ಇಷ್ಟು ಹೊತ್ತು ಹೇಳಿದ ಸಾಮಾನುಗಳೆಲ್ಲ ದುಡ್ಡು ಕೊಟ್ಟರೆ ಮತ್ತೆ ಸಿಗುವಂಥವು. ಸಿಗದ ಒಂದು ಇದೆ, ತೆಗೆದ ಚಿತ್ರ. 1915ರ ಅಕ್ಟೋಬರ್ 27ರಂದು, ಅಂಟಾರ್ಕ್ಟಿಕದ ವೆಡೆಲ್ ಸಮುದ್ರದ ಹಿಮದಲ್ಲಿ ಸಿಲುಕಿ ನುಗ್ಗಾದ ‘ಎಂಡ್ಯೂರೆನ್ಸ್’ ಹಡಗನ್ನು ಅನ್ವೇಷಕ ಶ್ಯಾಕಲ್ಟನ್‌ನ ತಂಡ ಬಿಟ್ಟಿಳಿಯಿತು. ತಂಡದ ಛಾಯಾಗ್ರಾಹಕ ಫ್ರ್ಯಾಂಕ್ ಹರ್ಲಿ ಆಸ್ಟ್ರೇಲಿಯಾದವನು. ಕೆಲವು ದಿನಗಳ ಬಳಿಕ ಅವನು ಮುಳುಗುತ್ತಿದ್ದ ಹಡಗಿಗೆ ಮರಳಿ ಹೋಗಿ, ಬರಿಮೈಯಲ್ಲಿ ಮಂಜು ತೇಲುವ ನೀರಿಗಿಳಿದು, ಲೋಹದ ಡಬ್ಬಿಗಳಲ್ಲಿದ್ದ ಗಾಜಿನ ನೆಗೆಟಿವ್‌ಗಳನ್ನು ಎತ್ತಿ ತಂದ. ಎಲ್ಲವನ್ನೂ ಒಯ್ಯುವಂತಿರಲಿಲ್ಲ. ಅವನೂ ಶ್ಯಾಕಲ್ಟನ್‌ನೂ ಹಿಮದ ಮೇಲೆ ಕೂತು ಒಂದೊಂದೇ ಪ್ಲೇಟನ್ನು ನೋಡಿದರು. ಸುಮಾರು 120 ಉಳಿಸಿಕೊಂಡರು. ಸುಮಾರು 400ನ್ನು ಅಲ್ಲೇ ಒಡೆದರು. ಆಮೇಲೆ ಮನಸ್ಸು ಬದಲಿಸಿ ಮತ್ತೆ ಎತ್ತಿಕೊಳ್ಳಬಾರದು ಎಂಬುದಕ್ಕಾಗಿಯೇ ಒಡೆದದ್ದು. ದೊಡ್ಡ ಕ್ಯಾಮೆರಾಗಳನ್ನೆಲ್ಲ ಬಿಟ್ಟು ಹರ್ಲಿ ಇಟ್ಟುಕೊಂಡದ್ದು ಒಂದು ಜೇಬಿನ ಕೊಡಾಕ್, ಮೂರು ಸುರುಳಿ ಫಿಲ್ಮು. ಆಮೇಲೆ ತಂಡ ಸೇರಿದ ಎಲಿಫೆಂಟ್ ದ್ವೀಪದಲ್ಲಿ ಉಳಿದಿದ್ದವರ ಬಿಡುಗಡೆಯಾದದ್ದು 1916ರ ಆಗಸ್ಟ್ 30ರಂದು. ಆ ಪ್ರಯಾಣ ನಮಗಿವತ್ತು ಕಣ್ಣಿಂದ ನೋಡಲು ಸಿಕ್ಕಿರುವುದು ಅವನು ಯಂತ್ರ ಬಿಟ್ಟು ಚಿತ್ರ ಹೊತ್ತದ್ದರಿಂದ. ಚೀಲ ಕಟ್ಟುವಾಗಲೆಲ್ಲ ನನಗೆ ಅವನ ನೆನಪು ಬರುತ್ತದೆ.

ನನ್ನ ಬದುಕಿನಲ್ಲಿ ಮರೆಯಲಾಗದ ನಷ್ಟವೂ ಚಿತ್ರದ್ದೇ. ಕುದುರೆಮುಖದ ಶೋಲಾ ಕಾಡಿನ ಅಂಚಿನಲ್ಲಿ ಮೂರು ದಿನ ಕಾದು ಕಾಕರಣೆ ಹಕ್ಕಿಯ ಜೋಡಿ ಮರಿಗಳಿಗೆ ಉಣಿಸುವುದನ್ನು ತೆಗೆದಿದ್ದೆ. ವಾಪಸು ಬಂದ ರಾತ್ರಿ ಕರೆಂಟಿರಲಿಲ್ಲ, ಬೆಳಗ್ಗೆ ನಕಲು ಮಾಡಿದರಾಯಿತೆಂದು ಮಲಗಿದೆ. ಬೆಳಗ್ಗೆ ಇನ್ನೊಂದು ಕಡೆ ಹೊರಡುವ ಆತುರದಲ್ಲಿ ಖಾಲಿ ಕಾರ್ಡೆಂದು ಅದನ್ನೇ ತೆಗೆದು ಫಾರ್ಮ್ಯಾಟ್ ಮಾಡಿದೆ. ಮಧ್ಯಾಹ್ನದ ತನಕ ಅದರ ಮೇಲೆಯೇ ಹೊಸ ಚಿತ್ರ ತುಂಬಿದೆ. ಹಳೆಯದರಲ್ಲಿ ಮರಳಿ ಸಿಕ್ಕಿದ್ದು ನಾಲ್ಕೇ ನಾಲ್ಕು.

ಅಂದಿನಿಂದ ನಿಯಮ ಕಲ್ಲಿನಲ್ಲಿ ಕೊರೆದಂತೆ. ತುಂಬಿದ ಕಾರ್ಡು ಪರ್ಸಿನಲ್ಲಿ ಮಕಾಡೆ, ಖಾಲಿಯದು ಮುಖ ಮೇಲಾಗಿ. ರಾತ್ರಿ ಊಟಕ್ಕೆ ಮುಂಚೆ ಎರಡು ಹಾರ್ಡ್‌ಡಿಸ್ಕುಗಳಿಗೆ ನಕಲು. ಒಂದು ಚೀಲದಲ್ಲಿ, ಒಂದು ಮೈಮೇಲೆ. ಚೀಲ ಕಳೆದರೂ ಚಿತ್ರ ಉಳಿಯಬೇಕು. ಎರಡೂ ಕಡೆ ತೆರೆದು ನೋಡಿದ ಮೇಲೆಯೇ ಫಾರ್ಮ್ಯಾಟ್. ಊರಿಗೆ ಬಂದ ಮೇಲೆ ಮೂರನೆಯ ಪ್ರತಿ ಬೇರೆ ಮನೆಯಲ್ಲಿ, ನನ್ನದು ತಂಗಿಯ ಮನೆಯಲ್ಲಿದೆ. ಮಲಗುವ ಮುಂಚೆ ಹತ್ತು ನಿಮಿಷ ದಿನಾಂಕ, ಜಾಗ, ಜೀವಿಯ ಹೆಸರು, ಅದು ಏನು ಮಾಡುತ್ತಿತ್ತೆಂಬುದನ್ನು ಬರೆಯುತ್ತೇನೆ. ಗೂಡಿನ ಜಾಗ ನನ್ನ ಪುಸ್ತಕಕ್ಕೆ ಮಾತ್ರ, ಫೋನಿಗಲ್ಲ. ಹೆಸರು, ದಿನ, ಜಾಗವಿಲ್ಲದ ಚಿತ್ರ ನಾಳೆ ಯಾವ ಸಂಶೋಧಕನ ಕೈಗೂ ಉಪಯೋಗಕ್ಕೆ ಬಾರದು. ಈ ದತ್ತಿಯ ಮೇಷ್ಟ್ರು ಕ್ಯಾಮೆರಾ ಇಲ್ಲದೆಯೇ ಮಾಡಿದ ಕೆಲಸ ಇದು.

ಕೊನೆಯದಾಗಿ ನಿಮ್ಮಲ್ಲಿ ಒಂದು ಕೋರಿಕೆ. ಬೆಂಗಳೂರಿನಲ್ಲಿ ಓ.ಸಿ. ಎಡ್ವರ್ಡ್ಸ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರಿಂದ ಬೆಳೆದ ಒಂದು ದೊಡ್ಡ ಪರಂಪರೆ ಇದೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಚಿತ್ರಗಳನ್ನು ನೀವೆಲ್ಲ ಬಲ್ಲಿರಿ. ಇವರನ್ನು ನೋಡಿ ಕ್ಯಾಮೆರಾ ಹಿಡಿದ ನೂರಾರು ಬ್ಯಾಂಕ್ ನೌಕರರು, ಮೇಷ್ಟ್ರುಗಳು, ಡಾಕ್ಟರುಗಳು, ಪ್ಲಾಂಟರುಗಳು ನಮ್ಮ ಊರೂರಲ್ಲೂ ಇದ್ದರು. ಅವರು ತೆಗೆದ ಸ್ಲೈಡುಗಳು, ನೆಗೆಟಿವ್‌ಗಳು ಇವತ್ತು ಬೀರುಗಳ ಮೇಲೆ ಬಿಸ್ಕತ್ ಡಬ್ಬಿಗಳಲ್ಲಿವೆ. ಈಗ ಮನೆಗಳೆದ್ದಿರುವ ಕೆರೆಗಳು, ಈಗಿಲ್ಲದ ಹುಲ್ಲುಗಾವಲುಗಳು ಅವುಗಳಲ್ಲಿವೆ. ಮನೆಗೆ ಹೋಗಿ ಆ ಡಬ್ಬಿ ತೆರೆಯಿರಿ. ವಿನಿಗರಿನ ವಾಸನೆ ಬಂದರೆ ಫಿಲ್ಮು ಕೊಳೆಯಲು ಶುರುವಾಗಿದೆ ಎಂದರ್ಥ, ಅಂಥವನ್ನು ಉಳಿದವುಗಳಿಂದ ಬೇರೆಮಾಡಿ. ಮಿಕ್ಕವನ್ನು ಕಾಗದದ ಲಕೋಟೆಗಳಿಗೆ ಹಾಕಿ ತಂಪಾದ ಒಣ ಜಾಗದಲ್ಲಿಡಿ. ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಹೆಸರು, ಜಾಗ, ವರ್ಷ ಬರೆಯಿರಿ. ತೆಗೆದವರು ಇನ್ನೂ ನಮ್ಮೊಂದಿಗಿದ್ದರೆ ಈ ಭಾನುವಾರವೇ ಅವರ ಪಕ್ಕದಲ್ಲಿ ಕೂತು, ಒಂದೊಂದನ್ನೂ ಬೆಳಕಿಗೆ ಹಿಡಿದು ತೋರಿಸಿ, ಕೇಳಿ ಬರೆದುಕೊಳ್ಳಿ.